ಎಲ್ಲರೂ ಇದ್ದೇವೆ

ಸೆಪ್ಟೆಂಬರ್ 8

ಅತ್ತಿಗೆ,

ನಾನು ಗಟ್ಟಿಮುಟ್ಟಾಗಿದ್ದೇನೆ, ನೀವೂ ಹಾಗೇ ಇದ್ದೀರಿ ಎಂದುಕೊಂಡು ನೇರ ವಿಷಯಕ್ಕೆ ಬರುತ್ತೇನೆ. ದಯವಿಟ್ಟು ಫೋನ್ ಮಾಡಬೇಡಿ. ಮೊನ್ನೆ ನಿಮ್ಮ ಮಾತು ಮುಚ್ಚಿದ ಪಾತ್ರೆಯೊಳಗಿಂದ ಬಂದ ಹಾಗಿತ್ತು. ನೀವು ಏನೋ ಕೇಳಿದಿರಿ, ನಾನು ಏನೋ ಹೇಳಿದೆ, ಕೊನೆಗೆ ನೀವು ಯಾಕೆ ನಕ್ಕಿರಿ ಎಂದು ಇವತ್ತಿಗೂ ಗೊತ್ತಿಲ್ಲ. ಆ ಊರಿನ ಲೈನೇ ಸರಿಯಿಲ್ಲ. ಕಾಗದವೇ ವಾಸಿ. ಪ್ರೆಸ್ಸಿನಲ್ಲಿ ಬೈಂಡಿಂಗ್ ಮಾಡುವವಳಿಗೆ ಕಾಗದಕ್ಕೇನು ಬರ?

ಕೆಳಗಿನ ನಿಮ್ಮ ಮನೆಗೆ ಇನ್ನೂ ಯಾರೂ ಬಾಡಿಗೆಗೆ ಬಂದಿಲ್ಲ. ಸಂಜೆ ಕೆಲಸ ಮುಗಿಸಿ ಬಂದು ಮೇಲಿನ ನನ್ನ ಕೋಣೆಗೆ ಹತ್ತುವ ಮೊದಲು ನಿಮ್ಮ ಬಾಗಿಲ ಮುಂದೆ ಒಂದು ಕ್ಷಣ ನಿಲ್ಲುತ್ತೇನೆ. ಅಭ್ಯಾಸಬಲ. ಅಣ್ಣನ ಬಡ್ತಿ ಹೇಗಿದೆ? ಇಷ್ಟು ವರ್ಷ ರೈಲು ಓಡಿಸಿದವನು ಈಗ ಕುರ್ಚಿಯಲ್ಲಿ ಕೂತು ಬೇರೆ ಡ್ರೈವರುಗಳನ್ನು ಓಡಿಸುತ್ತಾನೆ! ಸುತ್ತುವ ಕುರ್ಚಿಯೋ, ಸುತ್ತದ ಕುರ್ಚಿಯೋ? ದೊಡ್ಡ ಮನುಷ್ಯ ಆದಮೇಲೆ ತಂಗಿಯ ಹತ್ತಿರ ಮಾತಾಡುವುದಕ್ಕೂ ಬಿಗುಮಾನ. ಫೋನಿನಲ್ಲಿ ಹೂಂ, ಹೂಂ ಬಿಟ್ಟರೆ ಬೇರೆ ಮಾತಿಲ್ಲ.

ಈಗ ನಮ್ಮ ಬೆಟ್ಟ ಹತ್ತುವ ಕ್ಲಬ್ಬಿನ ರಾಮಾಯಣ. ನಿಮ್ಮ ಜಾಗಕ್ಕೆ ಹಲ್ಲಿನ ಡಾಕ್ಟರು ಬಂದಿದ್ದಾರೆ. ಮೊದಲ ಭಾನುವಾರವೇ ಬೆಟ್ಟದ ಬುಡದಲ್ಲಿ ಹೊಸಬರನ್ನೆಲ್ಲ ನಿಲ್ಲಿಸಿಕೊಂಡು ಭಾಷಣ ಬಿಗಿದರು. "ನಮ್ಮಲ್ಲಿ ಮುಂದೆ ನಡೆಯೋರು ತಲೆ, ಕೊನೇಲಿ ನಡೆಯೋರು ಬಾಲ. ಬಾಲದ ಹಿಂದೆ ಯಾರೂ ಉಳೀಬಾರ್ದು. ತಲೆ ಉದ್ದಕ್ಕೆ ಒಂದು ಸೀಟಿ ಊದಿದ್ರೆ ಎಲ್ರೂ ನಿಲ್ಬೇಕು. ಬಾಲ ತನ್ನ ಮುಂದಿರೋರನ್ನ ನೋಡ್ಕೊಂಡು ವಾಪಸ್ ಎರಡು ಸೀಟಿ ಊದಿದ್ರೆ 'ಎಲ್ಲರೂ ಇದ್ದೇವೆ' ಅಂತ. ಆ ಉತ್ತರ ಬರೋವರೆಗೂ ತಲೆ ಒಂದು ಹೆಜ್ಜೆನೂ ಮುಂದಿಡಲ್ಲ." ಈ ನಿಯಮ ಮಾಡಿದವರು ನೀವು, ಹೇಳಿದ್ದು ಮಾತ್ರ ತಾವೇ ಮಾಡಿದ ಹಾಗೆ. ನಂತರ ನನ್ನ ಕಡೆ ಕೈ ತೋರಿಸಿ "ಇವರು ನಮ್ಮ ಬಾಲಕ್ಕ" ಎಂದರು. ಹೊಸಬನೊಬ್ಬ ಅದು ನನ್ನ ನಿಜವಾದ ಹೆಸರೆಂದೇ ತಿಳಿದುಕೊಂಡಿದ್ದಾನೆ.

ಇಷ್ಟೆಲ್ಲ ಹೇಳಿದ ಮನುಷ್ಯ ಸೀಟಿಯನ್ನೇ ನೆಟ್ಟಗೆ ಊದುವುದಿಲ್ಲ! ಬಿಸಿ ಟೀ ಆರಿಸುವ ಹಾಗೆ ಉಫ್ ಎಂದು ಬಿಟ್ಟುಬಿಡುತ್ತಾರೆ. ಕಳೆದ ವಾರ ಸಾಲು ನಿಂತದ್ದನ್ನು ನೋಡಿ ನಾನು ನಿಂತೆ, ಉತ್ತರ ಕೊಟ್ಟೆ. ಆಮೇಲೆ ನನಗೇ ದಬಾಯಿಸುತ್ತಾರೆ: "ಮೂರು ಸಲ ಊದಿದೆನಲ್ರೀ, ನಿದ್ದೆ ಮಾಡ್ತಿದ್ರಾ?" ಯಾವಾಗಲೂ ನನಗಿಂತ ಒಂದೇ ಹೆಜ್ಜೆ ಮುಂದೆ ಏದುಸಿರು ಬಿಡುತ್ತ ನಡೆಯುವ ಬೇಕರಿಯವರು ಕೂಡ "ಊದಿದ್ರು, ಊದಿದ್ರು" ಎಂದು ತಲೆಯಾಡಿಸಿದರು. ಅವರಿಗೆ ಇನ್ನೂ ಎರಡು ಹಲ್ಲು ಕಟ್ಟಿಸಿಕೊಳ್ಳುವುದು ಬಾಕಿಯಿದೆ, ಡಾಕ್ಟರ ವಿರುದ್ಧ ಬಾಯಿ ಬಿಡುತ್ತಾರೆಯೇ? ನೀವು ಆ ರಬ್ಬರ್ ಚೆಂಡಿನ ಹಾರ್ನನ್ನು ಪೋಂ ಎಂದು ಒತ್ತುತ್ತಿದ್ದಾಗ ಎಲ್ಲರೂ ನಗುತ್ತಿದ್ದರು. ಆದರೆ ಗುಡ್ಡದ ಆಚೆಗೂ ಕೇಳುತ್ತಿತ್ತು.

ನಿಮ್ಮ ನಾದಿನಿ


ಸೆಪ್ಟೆಂಬರ್ 19

ಪುಟ್ಟೀ,

ಇಲ್ಲಿ ಎಲ್ಲ ಸರಿಯಾಗಿದೆ. ಕ್ವಾರ್ಟರ್ಸಿನ ಅಡುಗೆಮನೆಯ ಕಿಟಕಿ ಹಳಿಗಳ ಕಡೆಗೇ ತೆರೆಯುತ್ತದೆ. ಗಾಡಿ ಹೋದಾಗಲೆಲ್ಲ ಲೋಟಗಳು ಗಲಗಲ ಎನ್ನುತ್ತವೆ. ನಿನ್ನ ಅಣ್ಣನ ಕುರ್ಚಿ ಸುತ್ತುವುದಿಲ್ಲ. ಯಾವ ಡ್ರೈವರ್ ಯಾವ ಗಾಡಿಗೆ ಹೋಗಬೇಕು ಎಂದು ಬರೆದಿಡುವ ಕೆಲಸ, ಬೆಳಿಗ್ಗೆ ಹೋದರೆ ಸಂಜೆಗೆ ವಾಪಸ್. ಬಿಗುಮಾನವೇನಿಲ್ಲ ಕಣೇ, ಹೊಸ ಜಾಗ, ಸುಸ್ತು.

ನಿನ್ನ ಕಾಗದವನ್ನು ಮೂರು ನಾಲ್ಕು ಸಲ ಓದಿದೆ. ಒಂದು ಕೆಲಸ ಮಾಡು. ನನ್ನ ಹಾರ್ನು ಕ್ಲಬ್ಬಿನ ಬೀರುವಿನಲ್ಲಿ ಹಗ್ಗಗಳ ಹಿಂದೆ ಇದೆ. ಡಾಕ್ಟರಿಗೆ ಅದನ್ನು ಕೊಟ್ಟು, ಸೀಟಿ ಬಿಟ್ಟು ಇದನ್ನೇ ಒತ್ತಬೇಕೆಂದು ನಾನು ಹೇಳಿದೆ ಅನ್ನು. ಮಂಜಿನ ಕಾಲ ಬರುತ್ತಿದೆ, ಮಂಜಿನಲ್ಲಿ ಸೀಟಿ ದೂರ ಹೋಗುವುದಿಲ್ಲ. ನನ್ನ ಮೇಲೆ ಹಾಕು, ನಿನ್ನ ಹೆಸರು ಬೇಡ.

ಇನ್ನೊಂದು ಮಾತು. ಪ್ರೆಸ್ಸಿನಲ್ಲಿ ಆ ಕಟಿಂಗ್ ಮೆಷಿನ್ ಪಕ್ಕ ಇಡೀ ದಿನ ನಿಂತಿರುತ್ತೀಯ, ಕಾಗದದ ಧೂಳು ಬೇರೆ. ಕಿವಿಯಲ್ಲಿ ಗುಗ್ಗೆ ಕಟ್ಟಿಕೊಂಡಿರಬಹುದು. ಒಂದು ಸಲ ಡಾಕ್ಟರಿಗೆ ತೋರಿಸಿಕೊಂಡು ಬಾರೇ. ಖರ್ಚೇನೂ ಆಗುವುದಿಲ್ಲ. ಹಾಗೇ, ನವೆಂಬರಿನಲ್ಲಿ ಜೋಡಿ ಬೆಟ್ಟಕ್ಕೆ ಹೋಗುತ್ತೀರಲ್ಲ, ಆ ಒಂದು ಸಲ ಬೇರೆ ಯಾರಾದರೂ ಬಾಲ ಆಗಲಿ. ನೀನೂ ಎಷ್ಟು ವರ್ಷ ಅಂತ ಎಲ್ಲರ ಹಿಂದೆ ಧೂಳು ಕುಡಿಯುತ್ತೀಯ?

ನಿನ್ನ ಅತ್ತಿಗೆ


ಅಕ್ಟೋಬರ್ 3

ಅತ್ತಿಗೆ,

ಧೂಳು ಕುಡಿಯುತ್ತೇನೆಂದು ನಾನು ಯಾವತ್ತಾದರೂ ದೂರು ಹೇಳಿದ್ದೆನೇ? ನೀವು ತಲೆ, ನಾನು ಬಾಲ, ನಡುವೆ ಅಷ್ಟು ಜನ. ಇಡೀ ದಿನ ನಾವಿಬ್ಬರೂ ಮಾತಾಡದೆ ಎರಡೇ ಸದ್ದಿನಲ್ಲಿ ಎಲ್ಲರನ್ನೂ ಕೆಳಗಿಳಿಸುತ್ತಿದ್ದೆವು. ಪ್ರೆಸ್ಸಿನಲ್ಲಿ ನಾನು ಬೈಂಡಿಂಗಿನವಳು, ಮನೆಯಲ್ಲಿ ಮೇಲಿನ ಕೋಣೆಯವಳು. ಅಲ್ಲಿ ಮಾತ್ರ ನಾನು ಬಾಲಕ್ಕ. ನನ್ನನ್ನು ದಾಟಿ ಯಾರೂ ಹಿಂದುಳಿದಿಲ್ಲ. ನೀವು ಊರು ಬಿಟ್ಟ ತಿಂಗಳಲ್ಲೇ ನನ್ನ ಜಾಗವನ್ನೂ ಬಿಡಿಸಲು ಹೊರಟಿದ್ದೀರಲ್ಲ, ಬೇಜಾರಾಯಿತು.

ಹಾರ್ನಿನ ವಿಷಯ ಹೇಳಿದೆ. ಡಾಕ್ಟರು ಎಲ್ಲರ ಮುಂದೆ ಅದನ್ನು ಒತ್ತಿ ನೋಡಿ ನಕ್ಕರು. "ಇದು ಬೆಟ್ಟ ಕಣ್ರೀ, ಬಸ್ ಸ್ಟ್ಯಾಂಡ್ ಅಲ್ಲ." ವಾಪಸ್ ಬೀರುವಿಗೆ ಹೋಯಿತು. ನನ್ನ ಕಿವಿಗೇನೂ ಧಾಡಿಯಿಲ್ಲ. ಹೋದ ವಾರ ಕಟಿಂಗ್ ಮೆಷಿನ್ನಿನ ಬೇರಿಂಗ್ ಸವೆದಿರುವುದನ್ನು ಮೆಕ್ಯಾನಿಕ್ಕಿಗಿಂತ ಮೊದಲು ಹೇಳಿದ್ದು ನಾನು. ಗುರ್ ಎನ್ನುವ ಸದ್ದೆಲ್ಲ ನನಗೆ ಕೇಳುತ್ತದೆ. ಈ ಡಾಕ್ಟರು ಮತ್ತು ನಮ್ಮ ಹೊಸ ಪ್ರೂಫ್ ರೀಡರ್ ಹುಡುಗಿ ಥರ ಬಾಯೊಳಗೇ ಪಿಸಪಿಸ ಅನ್ನುವವರದ್ದು ಯಾರಿಗೆ ತಾನೇ ಅರ್ಥವಾಗುತ್ತದೆ?

ಆದರೂ ನೀವು ತಲೆ ಕೆಡಿಸಿಕೊಳ್ಳಬೇಡಿ, ನಾನು ದಾರಿ ಕಂಡುಕೊಂಡಿದ್ದೇನೆ. ಅವರ ಉಫ್‌ಗೆ ಕಾಯುವುದೇ ಇಲ್ಲ. ಸ್ವಲ್ಪ ದೂರ ನಡೆದದ್ದಾಯಿತು, ಈಗ ಅವರು ಊದುವ ಹೊತ್ತು ಎನ್ನಿಸಿದಾಗ ನಾನೇ ಎರಡು ಸೀಟಿ ಬಿಡುತ್ತೇನೆ. ಡಾಕ್ಟರು ಖುಷ್. "ಬಾಲಕ್ಕ ಈಗ ಚುರುಕಾಗಿದ್ದಾರೆ" ಎನ್ನುತ್ತಾರಂತೆ! ನವೆಂಬರ್ ಕೊನೆಯ ಭಾನುವಾರ ಜೋಡಿ ಬೆಟ್ಟ. ಬಾಲ ನಾನೇ.

ನಿಮ್ಮ ನಾದಿನಿ


ಅಕ್ಟೋಬರ್ 14

ಪುಟ್ಟೀ,

ನಿನ್ನ ಕಾಗದ ಸಿಕ್ಕಿತು. ಸುತ್ತು ಬಳಸಿ ಹೇಳಿದ್ದು ಸಾಕು, ಈಗ ನೆಟ್ಟಗೆ ಹೇಳುತ್ತೇನೆ. ಸಿಟ್ಟು ಬಂದರೆ ಬರಲಿ.

ಡಾಕ್ಟರು ಸೀಟಿ ಊದುತ್ತಿದ್ದಾರೆ. ನಿನಗೆ ಕೇಳಿಸುತ್ತಿಲ್ಲ.

ಇದು ಇವತ್ತಿನದಲ್ಲ. ನಾಲ್ಕು ವರ್ಷವಾಯಿತು. ನಾನು ಸೀಟಿ ಊದಿದಾಗ ನೀನು ನಿಲ್ಲುತ್ತಿದ್ದದ್ದು ಸದ್ದಿಗಲ್ಲ, ಮುಂದಿನವರ ಬೆನ್ನು ನಿಂತದ್ದನ್ನು ನೋಡಿ. ತಿರುವಿನಲ್ಲಿ ಬೆನ್ನು ಕಾಣದಿದ್ದರೆ ನಿನ್ನ ಉತ್ತರ ಬರುತ್ತಿರಲಿಲ್ಲ. ಅದು ಗೊತ್ತಾದ ಮೇಲೆಯೇ ಹಳೆ ಸಾಮಾನಿನ ಅಂಗಡಿಯಿಂದ ಆ ಹಾರ್ನ್ ತಂದೆ. ಸೀಟಿ ಕಚ್ಚಿದರೆ ಹಲ್ಲು ನೋಯುತ್ತದೆ ಎಂದು ಎಲ್ಲರಿಗೂ ಹೇಳಿದ್ದು ಸುಳ್ಳು. ನನ್ನ ಹಲ್ಲು ಕಲ್ಲಿನ ಹಾಗಿದೆ. ದಪ್ಪ ಸದ್ದು ನಿನಗೆ ಕೇಳುತ್ತದೆ, ಸಣ್ಣ ಕೀರಲು ಸದ್ದು ಕೇಳುವುದಿಲ್ಲ. ಬೇರಿಂಗ್ ಸದ್ದು ಕೇಳಿ, ಆ ಹುಡುಗಿಯ ಮಾತು ಯಾಕೆ ಕೇಳುವುದಿಲ್ಲ ಎಂದು ನೀನೇ ಯೋಚಿಸು. ನಾನು ಹೊರಡುವಾಗ ಡಾಕ್ಟರಿಗೆ ಗುಟ್ಟಾಗಿ ಹೇಳಿ ಬರಬೇಕಿತ್ತು. ನಿನಗೆ ಅವಮಾನವಾಗುತ್ತದೆಂದು ಸುಮ್ಮನಾದೆ.

ನೀನು ಈಗ ಮಾಡುತ್ತಿರುವುದು ಮಾತ್ರ ಭಯ ಹುಟ್ಟಿಸುತ್ತಿದೆ. ಉತ್ತರ ಬರದಿದ್ದರೆ ತಲೆ ನಿಂತು ಕಾಯುತ್ತದೆ, ಯಾರಿಗೂ ಏನೂ ಆಗುವುದಿಲ್ಲ. ಕೇಳಿಸದೆಯೇ ಉತ್ತರ ಕೊಟ್ಟರೆ ಅವರು ಮುಂದೆ ಹೋಗುತ್ತಾರೆ. ಎಲ್ಲರೂ ಇದ್ದೇವೆ ಎಂದು ನೀನು ಹೇಳಿದ್ದೀಯಲ್ಲ! ಪುಟ್ಟಿ, ಕೈ ಮುಗಿಯುತ್ತೇನೆ. ಜೋಡಿ ಬೆಟ್ಟಕ್ಕೆ ಬಾಲವಾಗಿ ಹೋಗಬೇಡ. ಹೋಗಲೇಬೇಕೆಂದರೆ ಡಾಕ್ಟರಿಗೆ ನಿಜ ಹೇಳಿ ಹೋಗು.

ಅತ್ತಿಗೆ


ನವೆಂಬರ್ 2

ಪುಟ್ಟೀ,

ನಿನ್ನಿಂದ ಕಾಗದವಿಲ್ಲ. ಪೋಸ್ಟಿನವರು ಪಕ್ಕದ ಬಾಗಿಲಿಗೆ ಬಂದು ಹಾಗೇ ತಿರುಗಿ ಹೋಗುತ್ತಾರೆ. ಮೊದಲ ವಾರ ತಡವಾಗಿದೆ ಎಂದುಕೊಂಡೆ. ಈಗ ಗೊತ್ತಾಯಿತು, ಮುಖ ಊದಿಸಿಕೊಂಡಿದ್ದೀಯ.

ಊದಿಸಿಕೋ, ಆದರೆ ಒಂದೇ ಒಂದು ಸಾಲು ಬರಿ. ಬೈದಾದರೂ ಬರಿ. ಇಲ್ಲಿ ಒಲೆಯ ಮೇಲೆ ಹಾಲಿಟ್ಟು ಮರೆಯುತ್ತೇನೆ. ನಿನ್ನ ಅಣ್ಣ ಸುಟ್ಟ ವಾಸನೆ ಹಿಡಿದು ಎದ್ದು ಬಂದು ಒಲೆ ಆರಿಸುತ್ತಾರೆ, ಏನಾಯಿತು ಎಂದು ಕೇಳುವುದಿಲ್ಲ. ನಾನೂ ಹೇಳುವುದಿಲ್ಲ. ಈ ಮನೆಯಲ್ಲಿ ಮಾತು ಕಡಿಮೆಯಾಗಿದೆ. ಅದು ಬೇರೆ ಕಥೆ, ಬಿಡು.

ಅತ್ತಿಗೆ


ನವೆಂಬರ್ 17

ಪುಟ್ಟೀ,

ನಿನ್ನೆ ಪ್ರೆಸ್ಸಿಗೆ ಫೋನ್ ಮಾಡಿದ್ದೆ. ನಿಮ್ಮ ಯಜಮಾನರು ಎತ್ತಿಕೊಂಡರು. "ಚೆನ್ನಾಗಿದಾರಮ್ಮಾ, ಕೆಲಸಕ್ಕೆ ಬರ್ತಾರೆ. ಯಾಕೋ ಈಚೆಗೆ ಎಲ್ರ ಮೇಲೂ ರೇಗ್ತಾರೆ. ಕರೀಲಾ?" ಎಂದರು. ಬೇಡ ಎಂದೆ. ನೀನು ಬಂದು ಏನೂ ಕೇಳಿಸದೆ ಆ ರಿಸೀವರನ್ನು ಕಿವಿಗೆ ಒತ್ತಿಕೊಂಡು ನಿಲ್ಲುವುದನ್ನು ನೆನೆಸಿಕೊಂಡೆ, ತಡೆಯಲಾಗಲಿಲ್ಲ.

ಡಾಕ್ಟರಿಗೆ ಬರೆಯಲು ಕೂತೆ. ಅರ್ಧ ಬರೆದು ಹರಿದು ಹಾಕಿದೆ. ಇನ್ನೊಬ್ಬರ ಕಿವಿಯ ವಿಷಯ ಅವರ ಬೆನ್ನ ಹಿಂದೆ ಹೇಳಿದರೆ ಏನಾಗುತ್ತದೆ ಎಂದು ನನಗೆ ಗೊತ್ತು. ಹೇಳದಿದ್ದರೆ ಏನಾಗಬಹುದು ಎಂಬುದೂ ಗೊತ್ತು. ಎರಡರ ನಡುವೆ ಸಿಕ್ಕಿಕೊಂಡು ಒದ್ದಾಡುತ್ತಿದ್ದೇನೆ. ಈ ಕಾಗದ ಜೋಡಿ ಬೆಟ್ಟದ ಭಾನುವಾರದ ಒಳಗೆ ನಿನಗೆ ಸಿಗಲೇಬೇಕು ಎಂದು ನಾನೇ ಸ್ಟೇಷನ್ನಿನ ಡಬ್ಬಕ್ಕೆ ಹಾಕಿ ಬರುತ್ತೇನೆ.

ಯಾರಿಗೂ ಹೇಳುವ ಮನಸ್ಸಿಲ್ಲದಿದ್ದರೆ ಬೇಕರಿಯವರೊಬ್ಬರಿಗಾದರೂ ಹೇಳು. ಸೀಟಿ ಬಂದಾಗ ಅವರು ತಿರುಗಿ ಕೈ ಎತ್ತಲಿ, ಅಷ್ಟು ಸಾಕು. ಹೇಳುತ್ತೀಯಲ್ಲ? ನನಗೆ ಭಯವಾಗುತ್ತಿದೆ ಕಣೇ.

ಅತ್ತಿಗೆ


ಡಿಸೆಂಬರ್ 1

ಅತ್ತಿಗೆ,

ನಾನು ಬದುಕಿದ್ದೇನೆ. ಬೇಕರಿಯವರೂ ಬದುಕಿದ್ದಾರೆ. ಮೊದಲು ಅದನ್ನು ಹೇಳಿ ಮುಂದಕ್ಕೆ ಬರೆಯುತ್ತೇನೆ.

ನಿಮ್ಮ ಮೂರೂ ಕಾಗದ ಸಿಕ್ಕಿದ್ದವು. ಮೊದಲನೆಯದನ್ನು ಓದಿ ಹೊಲಿಯುತ್ತಿದ್ದ ಪುಸ್ತಕವನ್ನು ತಲೆಕೆಳಗಾಗಿ ಹೊಲಿದೆ. ಉಳಿದ ಎರಡನ್ನು ಒಡೆಯಲೇ ಇಲ್ಲ. ಇವತ್ತು ಒಡೆದೆ. ನಿಮ್ಮ ಮೇಲಿನ ಹಟಕ್ಕೇ ನಾನು ಜೋಡಿ ಬೆಟ್ಟಕ್ಕೆ ಬಾಲವಾಗಿ ಹೋದದ್ದು.

ಮೇಲೆ ಹತ್ತಿದ್ದು ಸುಸೂತ್ರ. ಇಳಿಯುವಾಗ ಮಂಜು ಬಂತು. ಮುಂದಿನ ಮನುಷ್ಯನ ಬ್ಯಾಗು ಕಾಣದಷ್ಟು ಮಂಜು. ಬೇಕರಿಯವರ ಮೀನಖಂಡ ಹಿಡಿದುಕೊಂಡಿತು, ನಾವಿಬ್ಬರೂ ಸ್ವಲ್ಪ ಹಿಂದೆ ಬಿದ್ದೆವು. ಎರಡು ಬೆಟ್ಟ ಕೂಡುವ ತಗ್ಗಿನಲ್ಲಿ ದಾರಿ ಒಡೆಯುತ್ತದಲ್ಲ, ಎಡಕ್ಕೆ ಇಳಿದರೆ ಬಸ್ಸಿನ ರಸ್ತೆ, ನೇರ ಹೋದರೆ ಹಳೆಯ ಕಲ್ಲುಗಣಿ. ಅಲ್ಲಿ ಡಾಕ್ಟರು ನಿಂತು ಊದಿದ್ದಾರೆ. ನನಗೇನು ಗೊತ್ತು? ಊದುವ ಹೊತ್ತಾಯಿತು ಎನ್ನಿಸಿತು, ಅಭ್ಯಾಸದ ಮೇಲೆ ಎರಡು ಸೀಟಿ ಬಿಟ್ಟೆ. ಎಲ್ಲರೂ ಇದ್ದೇವೆ. ಅವರು ಸರಿ ಎಂದು ಸಾಲನ್ನು ಎಡಕ್ಕೆ ಇಳಿಸಿಕೊಂಡು ಹೋದರು.

ನಾವು ತಗ್ಗಿಗೆ ಬಂದಾಗ ಯಾರೂ ಇಲ್ಲ. ಬೇಕರಿಯವರು ನಿಂತು "ಎಡಗಡೆ ಸೀಟಿ ಕೇಳಿದ ಹಾಗಾಯ್ತು" ಎಂದರು. ನಾನು ಏನು ಹೇಳಿದೆ ಗೊತ್ತೇ ಅತ್ತಿಗೆ? "ಅದ್ಯಾವ್ದೋ ಹಕ್ಕಿ, ನಡೀರಿ ನೇರ." ಅವರು "ಬಾಲಕ್ಕ ಹೇಳಿದ ಮೇಲೆ ಮುಗೀತು" ಎಂದು ನಡೆದರು. ನಾನು ನಿಮ್ಮ ಮೇಲಿನ ಸಿಟ್ಟನ್ನು ಜಗಿಯುತ್ತ ಹಿಂದೆ ನಡೆದೆ.

ಗಣಿಯ ಅಂಚಿನಲ್ಲಿ ಅವರ ಕಾಲ ಕೆಳಗಿನ ಜಲ್ಲಿ ಜಾರಿತು. ನನ್ನ ಮುಂದೆ ಇದ್ದ ಮನುಷ್ಯ ಸೊಂಟದವರೆಗೆ ಕೆಳಗೆ ಹೋಗಿಬಿಟ್ಟರು. ನಾನು ಬೋರಲು ಬಿದ್ದು ಬ್ಯಾಗಿನ ಪಟ್ಟಿ ಹಿಡಿದುಕೊಂಡೆ. ಅವರ ಭಾರ ನಿಮಗೆ ಗೊತ್ತು. ಹೇಗೆ ಎಳೆದೆನೋ ದೇವರೇ ಬಲ್ಲ, ಅವರೂ ಒಂದು ಬಂಡೆಗೆ ಕಾಲು ಕೊಟ್ಟು ಒದ್ದರು. ಮೇಲೆ ಬಂದು ಮಲಗಿದಾಗ ಅವರ ಎಡ ಮಣಿಕಟ್ಟು ಸೊಟ್ಟಗಾಗಿತ್ತು. "ಕಲ್ಲು ಬಿದ್ದ ಸದ್ದು ಕೇಳಿದ್ರಾ, ಎಷ್ಟು ಆಳ ಇದೆ!" ಎಂದರು. ನನಗೆ ಕೇಳಿರಲಿಲ್ಲ. ಹೂಂ ಎಂದೆ.

ಅಲ್ಲೇ ಕೂತೆವು. ಅವರು ಚಳಿಗೆ ನಡುಗುತ್ತಿದ್ದರು. ಸ್ವಲ್ಪ ಹೊತ್ತಿಗೆ "ಬಂದ್ರು ನೋಡಿ, ಸೀಟಿ!" ಎಂದರು. ನನ್ನ ಮುಖದಲ್ಲಿ ಏನು ಕಂಡರೋ, ಸರಿಯಿದ್ದ ಕೈಯಿಂದ ನನ್ನ ಕೈ ಹಿಡಿದುಕೊಂಡು, ಸೀಟಿ ಬಂದಾಗಲೆಲ್ಲ ಒತ್ತತೊಡಗಿದರು. ಒತ್ತಿದರು, ನಾನು ಉತ್ತರ ಊದಿದೆ. ಮತ್ತೆ ಒತ್ತಿದರು. ಎಷ್ಟು ಸಲ ಒತ್ತಿದರು ಅತ್ತಿಗೆ! ಅಷ್ಟು ಸಲವೂ ಬೆಟ್ಟ ನನಗೆ ಮೌನವಾಗಿಯೇ ಇತ್ತು. ನೀವು ಬರೆದದ್ದು ನಿಜವೆಂದು ನನಗೆ ಗೊತ್ತಾದದ್ದು ಆಗ.

ಡಾಕ್ಟರು ಓಡಿ ಬಂದರು. ಮುಖ ಬಿಳಿಚಿಕೊಂಡಿತ್ತು. ಬೇಕರಿಯವರ ಕೈಗೆ ಬಟ್ಟೆ ಕಟ್ಟುತ್ತಲೇ ನನ್ನ ಮೇಲೆ ಕೂಗಿದರು: "ನೀವು ಉತ್ತರ ಕೊಟ್ರಿ! ಎಲ್ಲರೂ ಇದ್ದೇವೆ ಅಂದ್ರಿ! ನಿಮ್ಮ ಮಾತು ನಂಬ್ಕೊಂಡು ನಾನು ಇಳಿದೆ!" ಬಸ್ಸಿನಲ್ಲಿ ಎಲ್ಲರೂ ಕೂತ ಮೇಲೆ ಎದ್ದು ನಿಂತು ಎಲ್ಲ ಹೇಳಿದೆ. ಕಿವಿಯದು, ಅಂದಾಜಿನ ಸೀಟಿಯದು, ಹಕ್ಕಿ ಎಂದದ್ದು. ಸೀಟಿಯನ್ನು ಕತ್ತಿನಿಂದ ತೆಗೆದು ಡಾಕ್ಟರಿಗೆ ಕೊಟ್ಟೆ. ಯಾರೂ ಮಾತಾಡಲಿಲ್ಲ. ಮಾತಾಡಿದರೋ ಏನೋ, ಬಸ್ಸಿನ ಸದ್ದಿನಲ್ಲಿ ನನಗೆ ತಿಳಿಯಲಿಲ್ಲ.

ಬೇಕರಿಯವರ ಕೈಗೆ ಪ್ಲಾಸ್ಟರ್ ಹಾಕಿದ್ದಾರೆ. ಹಿಟ್ಟು ನಾದುವ ಕೈ. ದಿನಾ ಹೋಗಿ ನೋಡಿ ಬರುತ್ತೇನೆ, ಅಂಗಡಿಯ ಬಾಗಿಲಲ್ಲೇ ನಿಂತು. ಇನ್ನು ನಾನು ಬೆಟ್ಟಕ್ಕೆ ಹೋಗುವುದಿಲ್ಲ.

ಒಂದು ಮಾತು ಕೇಳಿಯೇ ಬಿಡುತ್ತೇನೆ. ನಾಲ್ಕು ವರ್ಷ ನಿಮಗೆ ಗೊತ್ತಿತ್ತು. ನನಗೇ ಗೊತ್ತಿಲ್ಲದ್ದು ನಿಮಗೆ ಹೇಗೆ ಗೊತ್ತಾಯಿತು? ಹಾರ್ನು ಒತ್ತಿ ಒತ್ತಿ ನನ್ನನ್ನು ಚೆನ್ನಾಗಿದ್ದೇನೆಂದು ನಂಬಿಸಿ, ಒಂದು ದಿನ ಸಾಮಾನು ಕಟ್ಟಿಕೊಂಡು ಹೊರಟುಬಿಟ್ಟಿರಲ್ಲ. ಯಾಕೆ ಹೇಳಲಿಲ್ಲ? ನನ್ನ ಅವಮಾನದ ನೆಪ ಹೇಳಬೇಡಿ. ಅದೊಂದೇ ಆಗಿದ್ದರೆ ನೀವು ಎಂದೋ ಹೇಳುತ್ತಿದ್ದಿರಿ. ನಿಮ್ಮನ್ನು ನಾನು ಬಲ್ಲೆ.

ನಾದಿನಿ


ಡಿಸೆಂಬರ್ 12

ಪುಟ್ಟೀ,

ನಿನ್ನ ಕಾಗದ ಓದಿ ಅತ್ತೆ. ಅಳು ನಿಂತ ಮೇಲೆ ಅದನ್ನು ನಿನ್ನ ಅಣ್ಣನ ಮುಂದಿಟ್ಟು, "ಇನ್ನು ನಾನು ಬಾಯಿ ಮುಚ್ಚಿಕೊಂಡಿರೋದಿಲ್ಲ" ಎಂದೆ. ಅವರು ಇಡೀ ಕಾಗದ ಓದಿದರು. ಓದಿ, ಹೂಂ ಎಂದರು. ಈ ಸಲ ಅದು ಕೇಳಿಸಿಕೊಂಡ ಹೂಂ.

ನನಗೆ ಗೊತ್ತಾದದ್ದು ಅವರಿಂದ. ನಿನ್ನ ಕಿವಿಗಿಂತ ಮೊದಲು ಅವರ ಕಿವಿ ಹೋಯಿತು. ಎಂಜಿನ್ನಿನ ಸದ್ದಿನಲ್ಲಿ ಅಷ್ಟು ವರ್ಷ. ಊಟಕ್ಕೆ ಕರೆದರೆ ತಿರುಗುತ್ತಿರಲಿಲ್ಲ, ಪಾತ್ರೆ ಬಿದ್ದರೆ ತಿರುಗುತ್ತಿದ್ದರು. ಮಾತಾಡುವಾಗ ಕಣ್ಣು ನೋಡುವ ಬದಲು ತುಟಿ ನೋಡುತ್ತಿದ್ದರು. ಯಾರಿಗೂ ಹೇಳಬೇಡ ಎಂದು ಆಗಲೇ ನನ್ನ ಬಾಯಿ ಕಟ್ಟಿದ್ದರು. ಆಮೇಲೆ ಒಂದು ಭಾನುವಾರ ಬೆಟ್ಟದಲ್ಲಿ ನಿನ್ನ ಹತ್ತಿರ ಬುತ್ತಿಯ ಡಬ್ಬಿ ಕೇಳಿದೆ, ನೀನೂ ನನ್ನ ತುಟಿ ನೋಡಿದೆ.

ಬಡ್ತಿ ಗಿಡ್ತಿ ಏನೂ ಇಲ್ಲ. ಇಲಾಖೆಯ ಕಿವಿ ಪರೀಕ್ಷೆಯಲ್ಲಿ ಫೇಲಾದರು. ಸದ್ದು ಕೇಳಿದಾಗ ಗುಂಡಿ ಒತ್ತಬೇಕು. ನಿನ್ನ ಅಣ್ಣ ಅಂದಾಜಿನ ಮೇಲೆ ಒತ್ತುತ್ತ ಹೋದರಂತೆ. ಪರೀಕ್ಷೆ ಮಾಡುವಾಕೆಗೆ ಅನುಮಾನ ಬಂದು ಯಂತ್ರವನ್ನೇ ನಿಲ್ಲಿಸಿ ಕೂತಳು. ಆಗಲೂ ಒತ್ತಿದರು. ಗಾಡಿಯಿಂದ ಇಳಿಸಿ, ಇಲ್ಲಿ ಕುರ್ಚಿ ಕೊಟ್ಟರು. "ನನ್ನ ತಂಗಿಗೆ ಮಾತ್ರ ಗೊತ್ತಾಗಬಾರ್ದು. ಅವಳ ಕಣ್ಣಲ್ಲಿ ನಾನು ಡ್ರೈವರಾಗಿಯೇ ಇರ್ಬೇಕು" ಎಂದು ನನ್ನಿಂದ ಕೈಮೇಲೆ ಕೈ ಹಾಕಿಸಿ ಮಾತು ತೆಗೆದುಕೊಂಡರು. ನಿನ್ನದನ್ನು ಹೇಳಹೊರಟರೆ ನನಗೆ ಹೇಗೆ ಗೊತ್ತೆಂದು ನೀನು ಕೇಳುತ್ತಿದ್ದೆ, ಅವರದು ಹೊರಗೆ ಬರುತ್ತಿತ್ತು. ಒಬ್ಬರ ಮಾನ ಕಾಯಲು ಹೋಗಿ ಇನ್ನೊಬ್ಬರ ಪ್ರಾಣಕ್ಕೇ ಕುತ್ತು ತಂದಿಟ್ಟೆ. ಬೇಕರಿಯವರ ಕೈಯ ನೋವಿನಲ್ಲಿ ನನ್ನದೂ ಪಾಲಿದೆ. ನೀನು ಸಿಟ್ಟಾಗಿದ್ದರೆ ಅದು ನ್ಯಾಯವೇ.

ಈಗ ಇಲ್ಲಿ ಹೇಗಿದೆ ಅಂದರೆ, ಅವರು ಆಫೀಸಿನಲ್ಲೂ ಹೂಂ, ಮನೆಯಲ್ಲೂ ಹೂಂ. ಯಾರಾದರೂ ಮನೆಗೆ ಬಂದರೆ ಸ್ನಾನಕ್ಕೆ ಹೋಗುತ್ತಾರೆ. ದಿನಕ್ಕೆ ಎರಡು ಮೂರು ಸಲ ಸ್ನಾನ ಮಾಡುವ ಗಂಡನನ್ನು ಕಟ್ಟಿಕೊಂಡಿದ್ದೇನೆ. ನಗು ಬಂದರೆ ನಗು, ನನಗೆ ಬರುವುದಿಲ್ಲ. ಈ ಮನುಷ್ಯ ಹೀಗೇ ಬಾಗಿಲು ಹಾಕಿಕೊಂಡು ಮುಗಿದುಹೋಗುತ್ತಾರೇನೋ ಎಂದು ದಿನಾ ಹೆದರುತ್ತೇನೆ.

ಕೆಳಗೆ ಜಾಗ ಬಿಟ್ಟಿದ್ದೇನೆ, ಅವರು ಏನೋ ಬರೆಯುತ್ತಾರಂತೆ.

ಅತ್ತಿಗೆ

ತಂಗಿ, ಕಾಗದ ಬರೆದು ಅಭ್ಯಾಸವಿಲ್ಲ. ನನಗೆ ಮೊದಲು ಹೋದದ್ದು ಗಾರ್ಡಿನ ಸೀಟಿ. ಬಾವುಟ ನೋಡಿ ಗಾಡಿ ಬಿಡುತ್ತಿದ್ದೆ. ಹಿಂದೆ ಅಷ್ಟು ಬೋಗಿ ಜನ. ನೀನು ಎಲ್ಲರ ಮುಂದೆ ಎದ್ದು ನಿಂತು ಹೇಳಿದೆಯಂತೆ. ನನಗೆ ಆಗಲಿಲ್ಲ. ಹೇಳಿದ ಮೇಲೆ ಜನ ಹೇಗೆ ನೋಡುತ್ತಾರೆ? ಅದೊಂದು ಬರಿ.


ಜನವರಿ 20

ಅಣ್ಣಾ,

ಈ ಕಾಗದ ನಿನಗೆ. ಅತ್ತಿಗೆ ಬೇಕಾದರೆ ಪಕ್ಕದಲ್ಲಿ ಕೂತು ಓದಿಕೊಳ್ಳಲಿ. ಅವರ ಮೇಲಿನ ಸಿಟ್ಟು ಪೂರ್ತಿ ಇಳಿದಿಲ್ಲ, ಕಾಲು ಭಾಗ ಉಳಿದಿದೆ ಎಂದು ಹೇಳು. ಎದುರು ಬಂದಾಗ ಜಗಳವಾಡಿಯೇ ಇಳಿಸಿಕೊಳ್ಳಬೇಕು. ನಿನಗೆ ಬೇರೆ ಬೈಗುಳ ಇದೆ. ನಾನು ನೋಡುತ್ತಿದ್ದದ್ದು ಅಣ್ಣನನ್ನು ಕಣೋ, ಡ್ರೈವರನ್ನಲ್ಲ.

ನಾನೂ ಕಿವಿ ಪರೀಕ್ಷೆಗೆ ಹೋಗಿದ್ದೆ. ಆ ಗುಂಡಿ ಕೈಗೆ ಕೊಟ್ಟಾಗ ನಿನ್ನ ನೆನಪಾಯಿತು. ಒತ್ತಲೇ ಎಂದು ಬೆರಳು ತುಡಿಯಿತು. ತಡೆದುಕೊಂಡೆ. ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ಹೋದ ಕಿವಿ ಹೋಯಿತಂತೆ, ಉಳಿದದ್ದನ್ನು ಕಾಪಾಡಿಕೊಳ್ಳಬೇಕಂತೆ. ಮೆಷಿನ್ ಪಕ್ಕದಿಂದ ನನ್ನನ್ನು ಹೊಲಿಗೆಯ ಮೇಜಿಗೆ ಬದಲಾಯಿಸಿದ್ದಾರೆ. ಕಿವಿಗೆ ಯಂತ್ರ ಹಾಕಿಸಿಕೊಳ್ಳಬೇಕಂತೆ, ಬರುವ ತಿಂಗಳು. ಭಯವಾಗುತ್ತದೆ. ಎಲ್ಲ ಸರಿಯಾಗಿದೆ ಎಂದು ಬರೆಯುವುದಿಲ್ಲ, ಆಗಿಲ್ಲ.

ಬೆಟ್ಟಕ್ಕೆ ಹೋಗುವುದಿಲ್ಲ ಎಂದು ಅತ್ತಿಗೆಗೆ ಬರೆದಿದ್ದೆ. ಕಳೆದ ಭಾನುವಾರ ಬೇಕರಿಯವರು ಬಂದು ಕೆಳಗಿನ ಬಾಗಿಲು ಬಡಿದರು. ಸಣ್ಣಗೆ ಬಡಿದರೆ ನನಗೆ ಕೇಳಿಸದೆಂದು ಇಡೀ ಬೀದಿಗೆ ಕೇಳುವ ಹಾಗೆ ಬಡಿದರು. ಪ್ಲಾಸ್ಟರ್ ಬಿಚ್ಚಿದೆ, ಮಣಿಕಟ್ಟು ಇನ್ನೂ ಪೂರ್ತಿ ಮಡಚುವುದಿಲ್ಲ. "ಈಗ ನಾನು ಬಾಲ. ನನಗಿಂತ ನಿಧಾನ ನಡೆಯೋರು ಈ ಕ್ಲಬ್ಬಲ್ಲಿ ಯಾರಿದ್ದಾರೆ? ಹೊರಡಿ" ಎಂದರು. ಬರುವುದಿಲ್ಲ ಎಂದೆ. ಮೆಟ್ಟಿಲ ಮೇಲೆ ಕೂತುಬಿಟ್ಟರು. ಆ ಶರೀರ ಮೆಟ್ಟಿಲ ಮೇಲೆ ಕೂತರೆ ಯಾರೂ ಮೇಲೆ ಕೆಳಗೆ ಓಡಾಡುವ ಹಾಗಿಲ್ಲ. ಹೊರಟೆ.

ಡಾಕ್ಟರು ನನ್ನನ್ನು ನೋಡಿ ಮುಖ ತಿರುಗಿಸಿದರು. ಇನ್ನೂ ಸಿಟ್ಟಿದೆ, ಇರಲಿ. ಒಂದಿಬ್ಬರು ನನ್ನ ಹತ್ತಿರ ಬಂದು ಕಿವುಡರ ಜೊತೆ ಕೂಗುವ ಹಾಗೆ ಕೂಗಿ ಮಾತಾಡಿದರು, ಮೈ ಉರಿಯಿತು. ಒಬ್ಬರು ಏನೂ ಆಗಿಲ್ಲವೆಂಬಂತೆ ನೀರು ಕೇಳಿದರು. ಜನ ಹೀಗೆ ನೋಡುತ್ತಾರೆ ಅಣ್ಣ, ಎಲ್ಲ ಥರವೂ.

ನನ್ನನ್ನು ಸಾಲಿನಲ್ಲಿ ಬೇಕರಿಯವರ ಮುಂದೆ ನಿಲ್ಲಿಸಿದರು. ಇಷ್ಟು ವರ್ಷದಲ್ಲಿ ನನ್ನ ಬೆನ್ನ ಹಿಂದೆ ಒಬ್ಬರು ನಡೆದದ್ದು ಅದೇ ಮೊದಲು. ನಾಚಿಕೆಯಿಂದ ತಲೆ ತಗ್ಗಿಸಿ ನಡೆಯುತ್ತಿದ್ದೆ. ಅರ್ಧ ಹತ್ತಿದ ಮೇಲೆ ಅವರು ಹಿಂದಿನಿಂದ ಏನೋ ಹೇಳಿದರು. ಸದ್ದು ಬಂತು, ಮಾತು ಬರಲಿಲ್ಲ. ಹೂಂ ಎಂದುಬಿಡಬಹುದಿತ್ತು. ಬಾಯಿಗೆ ಬಂದೂ ಆಗಿತ್ತು. ನುಂಗಿಕೊಂಡು, ನಿಂತು, ತಿರುಗಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದೆ: "ನನಗೆ ಕೇಳಿಸ್ಲಿಲ್ಲ."

ಇಡೀ ಜನ್ಮದಲ್ಲಿ ಆ ಮಾತನ್ನು ನಾನು ಯಾರಿಗೂ ಅಂದಿರಲಿಲ್ಲ. ಏನಾಗುತ್ತದೋ ಎಂದು ಕಾದೆ.

ಬೇಕರಿಯವರು ಇನ್ನೊಂದು ಸಲ ಹೇಳಿದರು. "ನಿಮ್ಮ ಶೂ ಲೇಸು ಬಿಚ್ಚಿದೆ."

ಬಗ್ಗಿ ಕಟ್ಟಿಕೊಂಡೆ. ಗಂಟು ಬೇಗ ಬೀಳಲಿಲ್ಲ. ಅವರು ಹಿಂದೆ ನಿಂತು ಕಾದರು.

ನಿನ್ನ ತಂಗಿ